ಮೂಳೆ ಕೂಡುವ ಮೊದಲು ಸಹಿ ಬೇಡ

ವಾಟ್ಸಾಪ್ ಗುಂಪು: ಹಳೇಮನೆ ಬಳಗ

ದೊಡ್ಡಪ್ಪ, ಸಂಜೆ 6.12
(ಬೇರೆ ಗುಂಪಿನಿಂದ ಬಂದದ್ದು)
"ಬೈಕ್ ಸವಾರರೇ ಗಮನಿಸಿ! ಹೆಲ್ಮೆಟ್ ಇಲ್ಲದಿದ್ದರೆ ಪರಿಹಾರ ಇಲ್ಲ. ಬೈಕಿನ ವಿಮೆ ಮುಗಿದಿದ್ದರೆ ಪರಿಹಾರ ಇಲ್ಲ. ಕೋರ್ಟಿಗೆ ಹೋದರೆ ಹತ್ತು ವರ್ಷ, ಬಂದದ್ದರಲ್ಲಿ ಅರ್ಧ ವಕೀಲರಿಗೆ. ಮಾತುಕತೆಯಲ್ಲಿ ಮುಗಿಸಿಕೊಳ್ಳುವುದೇ ಜಾಣತನ. ಎಲ್ಲರಿಗೂ ಕಳುಹಿಸಿ."

ದೊಡ್ಡಪ್ಪ, 6.14
ಎಲ್ಲರೂ ಓದಿ. ನಮ್ಮ ಹುಡುಗನಿಗೆ ಒಂದೊಂದು ಸಾಲೂ ಹೊಂದುತ್ತದೆ. ಕಾರಿನವರು 60,000 ಕೊಡಲು ಒಪ್ಪಿದ್ದಾರೆ. ಕಾಗದ ತಯಾರಾಗಿದೆ. ನಾಳೆ ಕುಮಟಾ ಮಾವ ಮಣಿಪಾಲಕ್ಕೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಾರೆ.

ಕುಮಟಾ ಮಾವ, 6.15
ಹೌದು. ಅವರು ನಮಗೆ ಗೊತ್ತಿರುವವರೇ. ಅವರ ತಂದೆ ಮತ್ತು ನಾನು ಒಂದೇ ಶಾಲೆ. ಅಪಘಾತವಾದ ರಾತ್ರಿ ಅವರೇ ಆಸ್ಪತ್ರೆಯ ತನಕ ಬಂದಿದ್ದರು. ಕಾಗದದ ಫೋಟೋ ಹಾಕಿದ್ದೇನೆ, ನೋಡಿ.

ನಾನು, 6.31
ದೊಡ್ಡಪ್ಪ, ಮಾವ, ನಮಸ್ಕಾರ. ಕಾರವಾರದಲ್ಲಿ ಕೆಲಸ ಮುಗಿಸಿ ಈಗಷ್ಟೇ ಮೊಬೈಲ್ ನೋಡಿದೆ. ದಯವಿಟ್ಟು ಆ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ, ತಮ್ಮನಿಂದ ಹಾಕಿಸಲೂಬೇಡಿ. ಫೋಟೋ ದೊಡ್ಡದು ಮಾಡಿ ಮೂರನೆಯ ಸಾಲು ಓದಿ: "ಸದರಿ ಅಪಘಾತವು ಯಾರ ನಿರ್ಲಕ್ಷ್ಯದಿಂದಲೂ ಸಂಭವಿಸಿದ್ದಲ್ಲ, ಮುಂದೆ ಯಾವುದೇ ತಕರಾರು ಇರುವುದಿಲ್ಲ." ಕತಗಾಲ ದಾಟಿದ ತಿರುವಿನಲ್ಲಿ ಎದುರಿನಿಂದ ಬಲಬದಿಗೆ ನುಗ್ಗಿದ ಕಾರು ಅದು. 60,000 ಕೊಟ್ಟು ಅವರು ಕೊಂಡುಕೊಳ್ಳುತ್ತಿರುವುದು ಈ ಒಂದು ಸಾಲನ್ನು.

ದೊಡ್ಡಪ್ಪ, 6.34
ನೀನು ವಕೀಲರ ಕಚೇರಿಯಲ್ಲಿ ಬೆರಳಚ್ಚು ಮಾಡುವವಳು, ನಿನಗೆ ಎಲ್ಲವೂ ಮೊಕದ್ದಮೆಯಾಗಿಯೇ ಕಾಣುತ್ತದೆ. ನಾವು ನಾಳೆಯೂ ಈ ಊರುಗಳಲ್ಲೇ ಬದುಕಬೇಕು. ಗೊತ್ತಿರುವವರನ್ನು ಕೋರ್ಟಿಗೆ ಎಳೆದರೆ ಮುಖ ತೋರಿಸುವುದು ಹೇಗೆ?

ನಾನು, 6.42
ದೊಡ್ಡಪ್ಪ, ಹನ್ನೊಂದು ವರ್ಷದಿಂದ ನಾನು ಬೆರಳಚ್ಚು ಮಾಡುತ್ತಿರುವುದರಲ್ಲಿ ಅರ್ಧಕ್ಕರ್ಧ ಇಂಥ ಅರ್ಜಿಗಳೇ. ಆದ್ದರಿಂದಲೇ ಹೇಳುತ್ತೇನೆ, ನಿಮ್ಮ ದಾಕ್ಷಿಣ್ಯಕ್ಕೆ ಇಲ್ಲಿ ಕಾರಣವೇ ಇಲ್ಲ. ಪರಿಹಾರ ಬರುವುದು ಅವರ ಮನೆಯ ತಿಜೋರಿಯಿಂದಲ್ಲ. ಮೋಟಾರು ವಾಹನ ಕಾಯ್ದೆಯ 146ನೆಯ ಸೆಕ್ಷನ್ ಪ್ರಕಾರ ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ, ಅಂದರೆ ಇನ್ನೊಬ್ಬರಿಗೆ ಆಗುವ ಹಾನಿಗೆ ಇರುವ ವಿಮೆ, ಇರಲೇಬೇಕು. ಅವರು ವರ್ಷ ವರ್ಷವೂ ಕಂತು ಕಟ್ಟಿರುವುದು ಇಂಥ ದಿನಕ್ಕಾಗಿಯೇ. ಪಾಲಿಸಿ ಜಾರಿಯಲ್ಲಿದ್ದರೆ, ಚಾಲಕನಿಗೆ ಲೈಸೆನ್ಸ್ ಇದ್ದರೆ, ಹಣ ತುಂಬುವುದು ವಿಮಾ ಕಂಪನಿ. ಈಗ ಅವರು ಜೇಬಿನಿಂದ 60,000 ಕೊಟ್ಟರೆ ಅವರಿಗೂ ನಷ್ಟ, ನಮಗೂ ನಷ್ಟ, ಉಳಿತಾಯ ಕಂಪನಿಗೆ. ಮಾವ, ನೀವೇ ಅವರಿಗೆ ಹೀಗೆ ವಿವರಿಸಿ. ಒಳ್ಳೆಯವರಾದರೆ ಪಾಲಿಸಿಯ ಪ್ರತಿ ಅವರೇ ಕೊಡುತ್ತಾರೆ.

ಬೆಂಗಳೂರು ಭಾವ, 6.45
ಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ನೋಡಿದೆ. ವಿಮೆ ಜಾರಿಯಲ್ಲಿದೆ.

ಕುಮಟಾ ಮಾವ, 6.50
ಅದಿರಲಿ. ಹುಡುಗ ಹೆಲ್ಮೆಟ್ ಹಾಕಿರಲಿಲ್ಲ. ಬೈಕಿನ ವಿಮೆ ಫೆಬ್ರವರಿಯಲ್ಲೇ ಮುಗಿದಿದೆ. ಪೊಲೀಸ್ ಕೇಸು ಎಂದರೆ ಮೊದಲು ನಮ್ಮವನಿಗೇ ಬೀಳುತ್ತದೆ. ಆ ಭಯಕ್ಕೇ ನಾನು ಓಡಾಡುತ್ತಿರುವುದು.

ನಾನು, 7.03
ಎರಡೂ ತಪ್ಪೇ, ಇಲ್ಲ ಎನ್ನುವುದಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಕಟ್ಟಬೇಕು. ವಿಮೆ ಇಲ್ಲದ್ದಕ್ಕೆ 196ನೆಯ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 2,000 ದಂಡ, ಮೂರು ತಿಂಗಳವರೆಗಿನ ಜೈಲಿನ ಮಾತೂ ಇದೆ. ಆದರೆ ಇದಕ್ಕೂ ಕಾರಿನ ವಿಮಾ ಕಂಪನಿಯ ಹೊಣೆಗೂ ಸಂಬಂಧವಿಲ್ಲ. ನಮ್ಮ ಬೈಕಿನ ವಿಮೆ ನಾವು ಇನ್ನೊಬ್ಬರಿಗೆ ಮಾಡುವ ಹಾನಿಗೆ ಇರುವುದು. ನಮಗಾದ ಹಾನಿಗೆ ಉತ್ತರ ಕೊಡಬೇಕಾದದ್ದು ಕಾರಿನ ವಿಮೆ.

ಹೆಲ್ಮೆಟ್ ವಿಷಯ: ಮುರಿದಿರುವುದು ಬಲಗಾಲು, ಮೊಣಕಾಲಿನ ಕೆಳಗೆ. ಹೆಲ್ಮೆಟ್ ಇದ್ದಿದ್ದರೆ ಆ ಮೂಳೆ ಉಳಿಯುತ್ತಿತ್ತೇ? ಬೈಕಿನಲ್ಲಿ ಮೂವರು ಕುಳಿತಿದ್ದ ಒಂದು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ತರ್ಕವನ್ನು. ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ ಅಥವಾ ಗಾಯಕ್ಕೂ ಕೊಂಡಿ ಇರಬೇಕು, ಬರೀ ನಿಯಮ ಮುರಿದ ಎಂಬ ಕಾರಣಕ್ಕೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು. ತಲೆಗೆ ಪೆಟ್ಟಾಗಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ಸವಾರನ ತಪ್ಪೂ ಸ್ವಲ್ಪ ಇದೆ ಎಂದು ನ್ಯಾಯಾಲಯಕ್ಕೆ ಕಂಡರೆ ಆ ಪಾಲನ್ನಷ್ಟೇ ಕಳೆಯುತ್ತಾರೆ. ಕಾಲುಭಾಗ ತಪ್ಪು ಎಂದರೆ ಉಳಿದ ಮುಕ್ಕಾಲು ಸಿಗುತ್ತದೆ. "ಪರಿಹಾರವೇ ಇಲ್ಲ" ಎಂಬ ಆ ಸಂದೇಶದ ಸಾಲು ಸುಳ್ಳು.

ದೊಡ್ಡಪ್ಪ, 7.06
ಹತ್ತು ವರ್ಷ ಅಲೆಯುವುದೂ ಸುಳ್ಳೇ?

ನಾನು, 7.15
ವರ್ಷಗಳು ಹಿಡಿಯುತ್ತವೆ ಎಂಬುದು ನಿಜ. ನಮ್ಮ ಕಚೇರಿಯಲ್ಲಿ ಎರಡು ಮೂರು ವರ್ಷ ಎಳೆದವು ಬಹಳ ಇವೆ. ಆದರೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ಇಂಥ ಅರ್ಜಿಗಳನ್ನು ನೋಡುವ ನ್ಯಾಯಮಂಡಳಿಗೆ ಇದೆ. ಕುಮಟಾಕ್ಕೆ ಅಲೆಯಬೇಕಾಗಿಯೂ ಇಲ್ಲ. ಗಾಯಗೊಂಡವನು ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು, ಅಂದರೆ ನಮ್ಮ ಶಿರಸಿಯಲ್ಲೇ. ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ. ವಕೀಲರಿಗೆ ಅರ್ಧ ಎಂಬುದೂ ಸರಿಯಲ್ಲ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಮಾತನಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ತಡ ಮಾಡುವ ಹಾಗೂ ಇಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ, ಆದರೂ ಗಡುವು ಹೋಗಬಹುದು ಎಂದು ನಂಬಿ ನಾವು ಕೂರುವುದು ಬೇಡ.

ಅಮ್ಮ, 7.18
ಮಗಳೇ, ಇಲ್ಲಿಯ ಬಿಲ್ಲು ದಿನಕ್ಕೊಂದು ರೀತಿ ಏರುತ್ತಿದೆ. ನಾಳೆಗೆ 40,000 ಕಟ್ಟಲು ಹೇಳಿದ್ದಾರೆ. ನಾನು ಯಾವ ವರ್ಷದ ತೀರ್ಪಿಗೆ ಕಾಯಲಿ?

ನಾನು, 7.24
ಅಮ್ಮ, ನಿನ್ನ ಕಷ್ಟ ಗೊತ್ತು. ನನ್ನ ಚಿನ್ನದ ಸಾಲದ ಹಣ ಬೆಳಿಗ್ಗೆ ನಿನ್ನ ಖಾತೆಗೆ ಬರುತ್ತದೆ. ಇನ್ನೊಂದನ್ನೂ ಕೇಳಿ ನೋಡು. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಇದೆ. ಅಪಘಾತದ ದಿನದಿಂದ ಏಳು ದಿನ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಪೊಲೀಸರ ದೃಢೀಕರಣ ಬೇಕಾಗುತ್ತದೆ. ಬಿಲ್ಲಿನ ಕೌಂಟರಿನಲ್ಲಿ ಈ ಯೋಜನೆಯ ಹೆಸರೆತ್ತಿ ಕೇಳು. ಮಾವ, ಠಾಣೆಯಲ್ಲಿ ಎಫ್‌ಐಆರ್ ಆಗಿದೆಯಲ್ಲವೇ?

ಕುಮಟಾ ಮಾವ, 7.41
ಆಗಿಲ್ಲ.

ಕುಮಟಾ ಮಾವ, 7.44
ನಿಜ ಹೇಳುತ್ತೇನೆ. ಕುಮಟಾದಲ್ಲಿ ಮೊದಲು ತೋರಿಸಿದಾಗ ಡಾಕ್ಟರ್ ಕೇಳಿದರು. ಬೈಕ್ ಜಾರಿ ತಾನೇ ಬಿದ್ದ ಎಂದು ಹೇಳಿದೆ. ಬೈಕಿನ ವಿಮೆ ಇಲ್ಲವಲ್ಲ ಎಂದು. ಕಾರಿನವರೂ ಪಕ್ಕದಲ್ಲೇ ನಿಂತಿದ್ದರು.

ನಾನು, 7.52
ಮಾವ, ನೀವು ಅವನ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿದ್ದೀರಿ, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರಕರಣಗಳು ಸಾಯುವುದು ಇಲ್ಲಿಯೇ. ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು ಮೊದಲು ಎತ್ತಿಕೊಳ್ಳುವ ಕಾಗದ ಆಸ್ಪತ್ರೆಯ ಆ ಮೊದಲ ಚೀಟಿ. "ಬೈಕಿನಿಂದ ಬಿದ್ದು ಗಾಯ" ಎಂದು ಒಂದೇ ಸಾಲು ಇರುತ್ತದೆ, ಕಾರಿನ ಸುದ್ದಿಯೇ ಇರುವುದಿಲ್ಲ. ಕಾರು ಆಮೇಲೆ ಹುಟ್ಟಿಕೊಂಡದ್ದು ಎಂದು ಅವರು ವಾದಿಸುತ್ತಾರೆ. ಎಷ್ಟೋ ಜನ ಆ ಒಂದು ಸಾಲಿನಿಂದ ಬರಿಗೈಯಲ್ಲಿ ಹೋದದ್ದನ್ನು ನಾನು ನೋಡಿದ್ದೇನೆ.

ಆ ಚೀಟಿಯನ್ನು ತಿದ್ದಿಸಲು ಯಾರೂ ಹೋಗಬೇಡಿ, ಅದು ಇನ್ನೂ ದೊಡ್ಡ ತಪ್ಪಾಗುತ್ತದೆ. ನಾಳೆ ನೀವು ಮಣಿಪಾಲದ ಬದಲು ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಏಕೆ ತಡವಾಯಿತು, ಆ ರಾತ್ರಿ ಏಕೆ ಹಾಗೆ ಹೇಳಿದಿರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಮನೆಯವರು ಮೊದಲು ಗಾಯಾಳುವಿನ ಜೀವ ನೋಡುತ್ತಾರೆ, ಠಾಣೆಗೆ ಓಡುವುದಿಲ್ಲ, ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಐದು ದಿನದ ತಡವನ್ನು ವಿವರಿಸಬಹುದು. ಐದು ತಿಂಗಳಾದರೆ ಕಷ್ಟ. ಬೈಕನ್ನು ಗ್ಯಾರೇಜಿಗೆ ಹಾಕಬೇಡಿ. ಬಲಬದಿಯ ಫುಟ್‌ರೆಸ್ಟ್ ಮಡಚಿಕೊಂಡಿದೆ, ಅದಕ್ಕೆ ಕಾರಿನ ಬಿಳಿ ಬಣ್ಣ ಹತ್ತಿದೆ ಎಂದು ತಮ್ಮ ಫೋನಿನಲ್ಲಿ ಹೇಳಿದ. ಪಂಚನಾಮೆಯಲ್ಲಿ ಅದು ಬರಬೇಕು.

ದೊಡ್ಡಪ್ಪ, 7.58
ಕೈಯಲ್ಲಿರುವ 60,000 ಬಿಟ್ಟು, ಬರುತ್ತದೋ ಇಲ್ಲವೋ ಎಂಬುದಕ್ಕೆ ಕೈಚಾಚುವುದೇ? ಕಾಲು ಮುರಿದದ್ದು, ಮೂರು ತಿಂಗಳಲ್ಲಿ ಕೂಡುತ್ತದೆ.

ಸಿದ್ದಾಪುರ ಚಿಕ್ಕಮ್ಮ, 8.10
ಭಾವ, ನಾನು ಈ ಗುಂಪಿನಲ್ಲಿ ಹೆಚ್ಚು ಬರೆಯುವವಳಲ್ಲ. ಈಗ ಬರೆಯುತ್ತೇನೆ.

2016ರಲ್ಲಿ ನಮ್ಮವರ ಕಾಲು ಮುರಿದಾಗಲೂ ಮೂರು ತಿಂಗಳು ಎಂದೇ ಹೇಳಿದ್ದರು. 35,000ಕ್ಕೆ ಇಂಥದೇ ಕಾಗದಕ್ಕೆ ಸಹಿ ಹಾಕಿದೆವು. ನಮ್ಮ ಅಡುಗೆಮನೆಯಲ್ಲೇ ಕೂತು ಹಾಕಿದ್ದು, ಕಾಗದ ಹಾರದಂತೆ ಅದರ ಮೇಲೆ ಚಹಾದ ಲೋಟ ಇಟ್ಟಿದ್ದೆ. ಎರಡು ವರ್ಷಕ್ಕೆ ಒಳಗಿನ ಪ್ಲೇಟು ಕೀವು ಕಟ್ಟಿತು. ಅದನ್ನು ತೆಗೆಸಿ ಬೇರೆ ಹಾಕಿಸಲು 1,10,000 ಆಯಿತು. ಎಡಗಾಲು ಒಂದು ಇಂಚು ಗಿಡ್ಡವಾಯಿತು. ಟೆಂಪೋ ಓಡಿಸುವವರಿಗೆ ಕ್ಲಚ್ ಒತ್ತುವುದು ಎಡಗಾಲಿನಿಂದಲೇ ಅಲ್ಲವೇ? ಟೆಂಪೋ ಮಾರಿದೆವು. ಅವರ ಎಡಗಾಲಿನ ಚಪ್ಪಲಿಯ ಅಡಿಗೆ ಎರಡು ಪದರ ರಬ್ಬರು ಅಂಟಿಸಿರುವುದನ್ನು ನೀವೆಲ್ಲ ನೋಡಿದ್ದೀರಿ. ಪ್ರತಿ ಮಳೆಗಾಲಕ್ಕೆ ಅದು ಬಿಡುತ್ತದೆ, ನಾನೇ ಹೊಲಿಸಿಕೊಂಡು ಬರುತ್ತೇನೆ. ಆ ಕಾಗದ ಕೊಟ್ಟವರೂ ಗೊತ್ತಿರುವವರೇ ಆಗಿದ್ದರು. ಎರಡನೆಯ ಆಪರೇಷನ್ ಆದಾಗ ಅವರಲ್ಲಿ ಒಬ್ಬರೂ ಬರಲಿಲ್ಲ.

ದೊಡ್ಡಪ್ಪ, 8.21
ಇದನ್ನು ನೀನು ಆಗಲೇ ಏಕೆ ಹೇಳಲಿಲ್ಲ?

ಸಿದ್ದಾಪುರ ಚಿಕ್ಕಮ್ಮ, 8.22
ಸಹಿ ಹಾಕಿದ್ದು ನಾವೇ ಅಲ್ಲವೇ ಭಾವ. ಯಾರ ಮುಂದೆ ಹೇಳಿಕೊಳ್ಳುವುದು?

ನಾನು, 8.40
ಚಿಕ್ಕಮ್ಮ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ದೊಡ್ಡಪ್ಪ, ಮೂಳೆ ಕೂಡಿದ ಮೇಲೆ ಕಾಲು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಈಗ ಡಾಕ್ಟರಿಗೂ ತಿಳಿಯದು. ತಿಳಿಯದ ನಷ್ಟಕ್ಕೆ ಇವತ್ತೇ ಬೆಲೆ ಕಟ್ಟುವುದು ಬೇಡ ಎಂಬುದಷ್ಟೇ ನನ್ನ ಮಾತು. ಇನ್ನೊಂದು ಸಂಗತಿ. ಡಾಕ್ಟರ್ ಬರೆಯುವ ಅಂಗವೈಕಲ್ಯದ ಶೇಕಡಾ ಲೆಕ್ಕವೇ ಕೊನೆಯಲ್ಲ. ಆ ಅಂಗದಿಂದ ಆ ಮನುಷ್ಯ ಮಾಡುತ್ತಿದ್ದ ಕೆಲಸ ಯಾವುದು ಎಂದು ನ್ಯಾಯಾಲಯ ನೋಡಬೇಕು. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಡಗೈ ಕಳೆದುಕೊಂಡವನ ಉದಾಹರಣೆ ಕೊಟ್ಟಿದೆ. ಅವನು ಬಡಗಿಯೋ ಚಾಲಕನೋ ಆಗಿದ್ದರೆ ದುಡಿಮೆಯೇ ಪೂರ್ತಿ ಹೋದ ಹಾಗೆ, ಸರ್ಕಾರಿ ಗುಮಾಸ್ತನಾಗಿದ್ದರೆ ಸಂಬಳ ಉಳಿಯಬಹುದು ಎಂದು. ನಮ್ಮ ತಮ್ಮ ಅಡಿಕೆ ಮರ ಹತ್ತುವವನು. ಪಾದ ಮರಕ್ಕೆ ಒತ್ತಿ ಮೈಭಾರವನ್ನೆಲ್ಲ ಕಾಲಿನ ಮೇಲೆ ಹಾಕಿ ನಿಲ್ಲುವ ಕೆಲಸ. ಕೊಳೆರೋಗದ ಮದ್ದು ಹೊಡೆಯಲು ಈ ಮಳೆಗಾಲಕ್ಕೆ ಏಳು ತೋಟ ಒಪ್ಪಿಕೊಂಡಿದ್ದ. ನೆಲದ ಮೇಲೆ ಕುಂಟದೆ ನಡೆದರೂ ಮರ ಹತ್ತಲಾಗದಿದ್ದರೆ ಅವನ ದುಡಿಮೆ ಹೋಯಿತು.

ಒಂದು ಲೆಕ್ಕ ಹಾಕುತ್ತೇನೆ, ನ್ಯಾಯಾಲಯ ಇಷ್ಟೇ ಕೊಡುತ್ತದೆ ಎಂದಲ್ಲ, ಲೆಕ್ಕದ ದಾರಿ ತಿಳಿಯಲಿ ಎಂದು. ಅವನಿಗೆ 28 ವರ್ಷ. ಆ ವಯಸ್ಸಿಗೆ ಗುಣಕ 17, ಅಂದರೆ ವರ್ಷದ ನಷ್ಟವನ್ನು 17ರಿಂದ ಗುಣಿಸುತ್ತಾರೆ. ತಿಂಗಳ ದುಡಿಮೆ ಕಡಿಮೆಯೇ ಹಿಡಿದು 15,000 ಎಂದರೆ ವರ್ಷಕ್ಕೆ 1,80,000. ದುಡಿಮೆಯಲ್ಲಿ ಕಾಲುಭಾಗ ಮಾತ್ರ ಹೋಯಿತು ಎಂದರೂ 7,65,000. ಚಿಕಿತ್ಸೆ, ನೋವು, ಮಲಗಿದ್ದ ತಿಂಗಳುಗಳ ಕೂಲಿ, ನೋಡಿಕೊಳ್ಳುವವರ ಖರ್ಚು, ಮುಂದಿನ ಆಪರೇಷನ್, ಇವೆಲ್ಲ ಬೇರೆ. ತಪ್ಪು ಯಾರದು ಎಂಬುದನ್ನು ಸಾಬೀತು ಮಾಡಲು ಆಗದೇ ಹೋದರೂ, ಅದರ ಬದಲು 164ನೆಯ ಸೆಕ್ಷನ್‌ನಲ್ಲಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳುವ ದಾರಿ ಇದೆ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವೇ. ಆ 60,000 ಇದಕ್ಕೂ ಬಹಳ ಕೆಳಗೆ.

ಕುಮಟಾ ಮಾವ, 8.47
ರಾಜಿಯೇ ಆಗಬಾರದು ಎನ್ನುತ್ತೀಯಾ?

ನಾನು, 8.52
ಆಗಲಿ ಮಾವ, ಆದರೆ ವಿಮಾ ಕಂಪನಿಯ ಜೊತೆ, ಲೋಕ ಅದಾಲತ್‌ನಲ್ಲಿ, ಕಾಲು ಎಷ್ಟು ಗುಣವಾಯಿತು ಎಂದು ತಿಳಿದ ಮೇಲೆ. ಅಲ್ಲಿ ಒಪ್ಪಿದರೆ ಮತ್ತೆ ಮೇಲ್ಮನವಿ ಇಲ್ಲ, ಆದ್ದರಿಂದ ಅಲ್ಲಿಯೂ ಅವಸರ ಬೇಡ.

ತಮ್ಮ, 9.05
ಎಲ್ಲವನ್ನೂ ಓದಿದೆ. ದೊಡ್ಡಪ್ಪ, ನಿಮ್ಮ ಮಾತು ಮೀರುತ್ತಿದ್ದೇನೆ ಎಂದು ಬೇಸರ ಮಾಡಿಕೊಳ್ಳಬೇಡಿ. ನಾನು ಸಹಿ ಹಾಕುವುದಿಲ್ಲ. ಇವತ್ತು ಹಾಸಿಗೆಯ ಮೇಲೆ ಬೆರಳು ಮಡಚಲು ಹೇಳಿದರು, ಹೆಬ್ಬೆರಳು ಮಾತ್ರ ಅಲ್ಲಾಡಿತು.

ದೊಡ್ಡಪ್ಪ, 9.20
ಬೇಸರವಿಲ್ಲ ಮಗನೇ. ಮಾವ, ಬೆಳಗಿನ ಮೊದಲ ಬಸ್ಸಿಗೆ ನಾನೇ ಘಟ್ಟ ಇಳಿದು ಬರುತ್ತೇನೆ, ಠಾಣೆಗೆ ಇಬ್ಬರೂ ಹೋಗೋಣ. ಕಾರಿನವರ ಮನೆಗೂ ಹೋಗೋಣ, ಎದುರೇ ಕೂತು ಹೇಳಿದರೆ ತಿಳಿದುಕೊಳ್ಳುತ್ತಾರೆ.

ದೊಡ್ಡಪ್ಪ, 9.23
ಅವನ ದುಡಿಮೆಗೆ ದಾಖಲೆ ಬೇಕು ಎಂದರೆ ಏನು ತರಲಿ? ಸಂಬಳದ ಚೀಟಿ ಎಲ್ಲಿಂದ ಬರಬೇಕು?

ತಮ್ಮ, 9.26
ಅಟ್ಟದ ಏಣಿಯ ಪಕ್ಕ ಮೊಳೆಗೆ ಒಂದು ನೀಲಿ ಪುಸ್ತಕ ನೇತುಹಾಕಿದ್ದೇನೆ ದೊಡ್ಡಪ್ಪ. ಯಾರ ತೋಟ, ಎಷ್ಟು ದಿನ, ಎಷ್ಟು ಕೊಟ್ಟರು, ನಾಲ್ಕು ವರ್ಷದ್ದೂ ಅದರಲ್ಲಿದೆ. ಮದ್ದಿನ ಕಲೆಗೆ ಕೆಲವು ಪುಟ ಅಂಟಿಕೊಂಡಿವೆ, ನಿಧಾನವಾಗಿ ಬಿಡಿಸಿ.