ಇಂಪ್ಲಾಂಟ್ ಸ್ಕ್ರೂ ಪದೇ ಪದೇ ಲೂಸ್ ಆಗ್ತಿದೆ, ಯಾಕೆ?

ಪ್ರಶ್ನೆ: ಕೆಳಗಿನ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸೋ ಕೃತಕ ಬೇರು) ಹಾಕ್ಸಿದೀನಿ, ಮೇಲಿನ ಕ್ಯಾಪ್ ಅಲ್ಲಾಡುತ್ತೆ, ಡಾಕ್ಟ್ರು ಟೈಟ್ ಮಾಡ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಇಂಪ್ಲಾಂಟೇ ಕೆಟ್ಟೋಯ್ತಾ?

ಉತ್ತರ 1: ಗಾಬರಿ ಆಗ್ಬೇಡಿ, ಮೂಳೆಯೊಳಗಿನ ಇಂಪ್ಲಾಂಟ್ ಗಟ್ಟಿಯಾಗಿದ್ರೂ, ಮೇಲಿನ ಭಾಗಾನ ಅದಕ್ಕೆ ಜೋಡಿಸೋ ಸ್ಕ್ರೂ ಮಾತ್ರ ಸಡಿಲ ಆಗಬಹುದು. ಟೈಟ್ ಮಾಡ್ದಾಗ ಸ್ಕ್ರೂ ಕೂದಲೆಳೆಯಷ್ಟು ಹಿಗ್ಗುತ್ತೆ, ಆ ಎಳೆತಾನೇ ಎರಡೂ ಭಾಗ ಹಿಡ್ಕೊಂಡಿರೋದು, ಅದಕ್ಕೆ ಪ್ರೀಲೋಡ್ ಅಂತಾರೆ. ಒಳಗಿನ ಮೇಲ್ಮೈಲಿರೋ ಸಣ್ಣ ಉಬ್ಬು ತಗ್ಗು ಒತ್ತಡಕ್ಕೆ ಸವೆದು ಕೂತಾಗ ಪ್ರೀಲೋಡ್ ಸ್ವಲ್ಪ ಇಳಿಯುತ್ತೆ, ಅದಕ್ಕೇ ಸುಮಾರು 10 ನಿಮಿಷ ಬಿಟ್ಟು ಇನ್ನೊಂದ್ಸಲ ಟೈಟ್ ಮಾಡೋದು. ಕೈ ಅಂದಾಜಲ್ಲಿ ಮಾಡಿದ್ರೆ ಆಗಲ್ಲ, ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ತಿರುಗಿಸ್ತಿದೀವಿ ಅಂತ ಅಳೆಯೋ ಸಾಧನ) ಬೇಕು, ಎಷ್ಟೋ ಇಂಪ್ಲಾಂಟ್ ಸಿಸ್ಟಮ್‌ಗಳಲ್ಲಿ ಆ ತಿರುಗಿಸೋ ಬಲ 30-35 ನ್ಯೂಟನ್ ಸೆಂಟಿಮೀಟರ್, ಆದ್ರೆ ಕಂಪನಿ ಹೇಳಿದ್ದೇ ಫೈನಲ್.

ಉತ್ತರ 2: ರಾತ್ರಿ ಹಲ್ಲು ಕಡಿತೀರಾ? ಹಂಗಿದ್ರೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕ್ಕೊಳ್ಳೋ ಕವಚ) ಕೇಳಿ. ಕ್ಯಾಪ್ ತುಂಬಾ ಅಗಲ ಇದ್ರೂ, ಕಚ್ಚುವಾಗ ಅಂಚಿಗೆ ಭಾರ ಬಿದ್ರೂ ಇದೇ ಗೋಳು.

ಉತ್ತರ 1: ಹೌದು, ಕಚ್ಚು ಚೆಕ್ ಮಾಡ್ಸಲೇಬೇಕು. ಫಿಟಿಂಗ್ ಸರಿ ಇಲ್ದಿದ್ರೂ ನಿಲ್ಲಲ್ಲ. ಇಷ್ಟು ಸಲ ಬಿಚ್ಚಿದ್ಮೇಲೆ ಹಳೇ ಸ್ಕ್ರೂನೇ ತಿರುಗಿಸೋ ಬದಲು ಹೊಸದು ಹಾಕಿ ಅನ್ನಿ. ಅಲ್ಲೀವರೆಗೂ ಆ ಕಡೆ ಅಗೀಬೇಡಿ, ಲೂಸಾಗಿರೋ ಸ್ಕ್ರೂ ಒಳಗೇ ಮುರಿದ್ರೆ ತೆಗೆಯೋದು ದೊಡ್ಡ ತಲೆನೋವು.