ಚಿತ್ರಪುಸ್ತಕದ ವಿಮರ್ಶೆ: ‘ಚಿತ್ರಗಳು ಮುದ್ದಾಗಿವೆ’ ಎಂದ ಮೇಲೆ ಏನು ಬರೆಯುವುದು?

ಹುಬ್ಬಳ್ಳಿಯಿಂದ ಪ್ರಶ್ನೆ: ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಮಕ್ಕಳ ಚಿತ್ರಪುಸ್ತಕ, ಕಾಮಿಕ್ಸ್‌ಗಳ ಬಗ್ಗೆ ಪುರವಣಿಯೊಂದಕ್ಕೆ ತಿಂಗಳಿಗೊಂದು ವಿಮರ್ಶೆ ಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಕಥೆ ಹೇಳಿ ಮುಗಿಸಿ ‘ಚಿತ್ರಗಳು ಮುದ್ದಾಗಿವೆ’ ಎಂದು ಬರೆದರೆ ಪೆನ್ನು ಮುಂದೆ ಹೋಗುವುದಿಲ್ಲ. ರೂಢಿಯಿರುವವರು ದಾರಿ ತೋರಿಸಿ.

ಧಾರವಾಡದಿಂದ: ಮೇಡಂ, ಆ ‘ಮುದ್ದಾಗಿವೆ’ಯನ್ನು ನಾನೂ ಎರಡು ವರ್ಷ ಬರೆದಿದ್ದೇನೆ. ಚಟ ಬಿಡಿಸಿದವಳು ಅಕ್ಕನ ಮಗಳು. ಸಪ್ತಾಪುರದ ಅವರ ಮನೆಯಲ್ಲಿ ಒಂದು ಪುಸ್ತಕ ಓದಿ ಹೇಳುತ್ತಿದ್ದೆ. ‘ಅಜ್ಜಿ ಸಂತೆಗೆ ಹೊರಟಳು’ ಎಂಬ ಒಂದೇ ಸಾಲು. ಓದಿ ಪುಟ ತಿರುವಲು ಹೋದರೆ ಕೈ ಹಿಡಿದಳು. “ಮಾಮಾ, ಅಜ್ಜಿಯ ಚಪ್ಪಲಿ ನೋಡು.” ಒಂದು ಕೆಂಪು, ಒಂದು ಕಪ್ಪು! ಅಜ್ಜಿಗೆ ಎಷ್ಟು ಅವಸರವಿತ್ತೆಂದು ಬರೆದವರು ಹೇಳಿರಲಿಲ್ಲ, ಬಿಡಿಸಿದವರು ಹೇಳಿದ್ದರು. ನಾನು ಅದೇ ಪುಸ್ತಕದ ವಿಮರ್ಶೆಯನ್ನು ಆಗಲೇ ಕಳಿಸಿಯಾಗಿತ್ತು.

ಈಗ ಮೊದಲ ಸಲ ಅಕ್ಷರಗಳ ಮೇಲೆ ಅಂಗೈ ಇಟ್ಟುಕೊಂಡು ಬರೀ ಚಿತ್ರ ನೋಡುತ್ತೇನೆ. ಬರಹ ಎರಡನೆಯ ಸಲಕ್ಕೆ. ಬರಹ ಹೇಳಿದ್ದನ್ನೇ ಚಿತ್ರವೂ ಒಪ್ಪಿಸುತ್ತಿದ್ದರೆ ಹಾಗೆಂದೇ ಬರೆಯುತ್ತೇನೆ. ಕಾಮಿಕ್ಸ್ ಆದರೆ ಚೌಕಟ್ಟುಗಳ ನಡುವಿನ ಖಾಲಿ ಪಟ್ಟಿಯನ್ನೂ ನೋಡಿ. ಒಂದರಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಅಳುವ ಹುಡುಗ ಇದ್ದರೆ ಏಟು ಬಿದ್ದದ್ದು ಆ ಪಟ್ಟಿಯಲ್ಲಿ, ಅಂದರೆ ಓದುವವರ ತಲೆಯಲ್ಲಿ.

ಗದಗಿನಿಂದ: ಮುದ್ರಣಾಲಯದಲ್ಲಿ ಪುಟ ಕಟ್ಟುವವನು ನಾನು, ವಿಮರ್ಶಕನಲ್ಲ. ಆದರೂ ಎರಡು ಮಾತು. ಇಂಗ್ಲಿಷಿನಿಂದ ಬಂದ ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಗಳ ಅಳತೆ ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂತೆ ಇರುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ‘ರಾಷ್ಟ್ರ’ ಎಂದು ಬರೆದು ನೋಡಿ. ಕೊನೆಗೆ ಅಕ್ಷರವನ್ನೇ ಕುಗ್ಗಿಸಿ ತುರುಕುತ್ತಾರೆ, ಎಂಟು ವರ್ಷದ ಮಗು ಕಣ್ಣು ಕಿರಿದು ಮಾಡಿ ಓದಬೇಕು. ಇಂಥದ್ದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿಲ್ಲ. ಎರಡು ಪುಟಕ್ಕೆ ಹಬ್ಬಿದ ಚಿತ್ರವಿದ್ದರೆ ನಡುವಿನ ಹೊಲಿಗೆ ಯಾರ ಮುಖವನ್ನು ನುಂಗಿದೆ ಎಂದೂ ನೋಡಿ. ಇನ್ನು, ಚಿತ್ರಪುಸ್ತಕಗಳಲ್ಲಿ ಬಹಳಷ್ಟು 32 ಪುಟದವು, ಅಂದರೆ 16 ಪುಟಗಳ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು). ಕಥೆ 26ಕ್ಕೇ ಮುಗಿದು ಉಳಿದದ್ದನ್ನು ಚಟುವಟಿಕೆಗಳಿಂದ ತುಂಬಿದ್ದರೆ ನಿಮಗೇ ಗೊತ್ತಾಗುತ್ತದೆ.

ಹಾವೇರಿಯಿಂದ: ಬಣ್ಣವನ್ನು ಮರೆಯಬೇಡಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯನ್ನು ನಾನು ಪ್ರೀತಿಯಿಂದಲೇ ಓದಿ ಬೆಳೆದೆ. ನಾಯಕರಿಗೆ ತಿಳಿ ಮೈಬಣ್ಣ, ರಾಕ್ಷಸರಿಗೆ ಕಡು ಬಣ್ಣ ಏಕೆ ಎಂದು ಅದನ್ನು ಅನೇಕರು ಪ್ರಶ್ನಿಸಿದ್ದಾರೆ. ಶಾಲೆಯ ನಾಟಕದಲ್ಲಿ ಪ್ರತಿ ವರ್ಷ ನನಗೇ ರಾಕ್ಷಸನ ಪಾತ್ರ ಸಿಗುತ್ತಿತ್ತು. ಹಾಗಾಗಿ ಈ ಪ್ರಶ್ನೆ ನನಗೆ ಬೇಗ ಅರ್ಥವಾಯಿತು.

ಹುಬ್ಬಳ್ಳಿಯಿಂದ: ಎಲ್ಲರಿಗೂ ಧನ್ಯವಾದ. ಅಂಗೈ ಇಟ್ಟು ಒಂದು ಪುಸ್ತಕ ನೋಡಿದೆ, ಬರೆಯಲು ನಾಲ್ಕು ಸಂಗತಿ ಸಿಕ್ಕವು. ಆದರೆ ಚಿತ್ರ ಬಿಡಿಸಿದವರ ಹೆಸರೇ ಮುಖಪುಟದಲ್ಲಿ ಇಲ್ಲವಲ್ಲ?

ಗದಗಿನಿಂದ: ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಹಕ್ಕುಗಳ ವಿವರದ ಕೆಳಗೆ ಸಣ್ಣ ಅಕ್ಷರದಲ್ಲಿ ಹುಡುಕಿ. ಅಲ್ಲಿಯೂ ಇಲ್ಲದಿದ್ದರೆ ವಿಮರ್ಶೆಯನ್ನು ಅಲ್ಲಿಂದಲೇ ಆರಂಭಿಸಿ.