ಸೆನ್ಸರ್ ಜಾಲಕ್ಕೆ ನಿಸ್ತಂತು ವಿದ್ಯುತ್: ಚಾರ್ಜರ್ ವಾಹನದ ದಾರಿಯನ್ನು ನಿರ್ಧರಿಸುವುದು ಹೇಗೆ?

ಪ್ರಶ್ನೆ: ಹೊಲದಲ್ಲಿ ಹರಡಿರುವ ತೇವಾಂಶ ಸೆನ್ಸರ್‌ಗಳನ್ನು ಚಲಿಸುವ ವಾಹನವೊಂದರಿಂದ ನಿಸ್ತಂತುವಾಗಿ ಚಾರ್ಜ್ ಮಾಡಬೇಕಿದೆ. ಅತಿ ಚಿಕ್ಕ ದಾರಿಯನ್ನು ಆರಿಸಿಕೊಂಡರೆ ಸಾಕೇ?

ಉತ್ತರ 1: ಸಾಲದು. ಎಲ್ಲ ಸೆನ್ಸರ್‌ಗಳ ದತ್ತಾಂಶ ಬಂದು ಸೇರುವ ಮೂಲಕೇಂದ್ರದ ಸಮೀಪದ ಸೆನ್ಸರ್‌ಗಳು ದೂರದವುಗಳ ದತ್ತಾಂಶವನ್ನೂ ದಾಟಿಸಬೇಕಾಗುವುದರಿಂದ ಅವುಗಳ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಪ್ರತಿ ಸೆನ್ಸರ್ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಲೆಕ್ಕ ಹಾಕಿ, ಆ ಗಡುವುಗಳಿಗೆ ಹೊಂದುವ ದಾರಿಗಳಲ್ಲಿ ಚಿಕ್ಕದನ್ನು ಆರಿಸಬೇಕು.

ಉತ್ತರ 2: ಅಂತರವನ್ನು ಮರೆಯಬೇಡಿ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಕಾಂತೀಯ ಅನುರಣನದಿಂದ (ಒಂದೇ ಆವರ್ತನಕ್ಕೆ ಹೊಂದಿಸಿದ ಎರಡು ತಂತಿ ಸುರುಳಿಗಳ ನಡುವೆ ಕಾಂತಕ್ಷೇತ್ರದ ಮೂಲಕ ಶಕ್ತಿಯನ್ನು ದಾಟಿಸುವ ವಿಧಾನ) 2 ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ಬೆಳಗಿಸಿದಾಗ ದಕ್ಷತೆ ಸುಮಾರು 40 ಪ್ರತಿಶತವಿತ್ತು, ಅದೂ ದೊಡ್ಡ ಸುರುಳಿಗಳಿಂದ. ಪುಟ್ಟ ಸುರುಳಿಯಿರುವ ಸೆನ್ಸರ್‌ಗೆ ವಾಹನವು ಇನ್ನೂ ಹತ್ತಿರ ನಿಲ್ಲಬೇಕಾಗುತ್ತದೆ.

ಉತ್ತರ 3: ರೇಡಿಯೋ ಅಲೆಗಳಾದರೆ ಹಲವು ಸೆನ್ಸರ್‌ಗಳನ್ನು ಒಮ್ಮೆಲೇ ತಲುಪಬಹುದು, ಆದರೆ ತೆರೆದ ಬಯಲಿನಲ್ಲೂ ದೂರ ಇಮ್ಮಡಿಯಾದರೆ ದೊರೆಯುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.